ಗಾಲಿಗೆ ಬೆಲೆಯಿಲ್ಲದ ಊರು

ನಾಲ್ಕು ಗಾಲಿಯ ಸೂಟ್‌ಕೇಸ್ ಕೊಂಡ ದಿನ ಅದನ್ನು ಮನೆಯ ಹಾಲ್‌ನಲ್ಲೇ ಎರಡು ಸುತ್ತು ಓಡಿಸಿ ನೋಡಿದ್ದೆ. ಒಂದು ಬೆರಳು ತಾಗಿಸಿದರೆ ಸಾಕು, ತಾನಾಗೇ ಹೋಗುತ್ತಿತ್ತು. ಆ ಜಂಬ ಇಳಿದದ್ದು ಗ್ರೀಸಿನ ಹೈಡ್ರಾ ದ್ವೀಪದಲ್ಲಿ, ದೋಣಿ ಇಳಿದ ಹತ್ತೇ ನಿಮಿಷಕ್ಕೆ.

ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ವೇಗದ ದೋಣಿಯಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಇಳಿದ ಕೂಡಲೇ ಎದುರಿಗೇ ಊರು. ಬಂದರಿನ ಸುತ್ತ ಗುಡ್ಡ, ಗುಡ್ಡದ ತುಂಬ ಮನೆ, ಗ್ಯಾಲರಿಯಲ್ಲಿ ಕೂತವರ ಹಾಗೆ ಎಲ್ಲವೂ ಸಮುದ್ರದ ಕಡೆ ಮುಖ ಮಾಡಿಕೊಂಡು. ಧಕ್ಕೆಯ ಮೇಲೆ ಆಟೋ ಸ್ಟ್ಯಾಂಡ್ ಥರ ಹೇಸರಗತ್ತೆಗಳ ಸಾಲು. ಇಲ್ಲಿ ಕಾರು, ಬೈಕು ಇಟ್ಟುಕೊಳ್ಳಲು ಕಾನೂನೇ ಬಿಡುವುದಿಲ್ಲ. ಕಣ್ಣಿಗೆ ಬೀಳುವ ಮೋಟಾರು ಗಾಡಿ ಅಂದರೆ ಕಸದ ಲಾರಿ!

ಹೇಸರಗತ್ತೆಯವನು ಸೂಟ್‌ಕೇಸ್ ಕಡೆ ಕೈ ತೋರಿಸಿದ. ನಾನು ಗಾಲಿ ತೋರಿಸಿ ಬೇಡ ಅಂದೆ. ಅವನು ನಕ್ಕ. ಯಾಕೆ ಅಂತ ಆಮೇಲೆ ಗೊತ್ತಾಯಿತು. ಎರಡು ಓಣಿ ದಾಟುವಷ್ಟರಲ್ಲಿ ಮೆಟ್ಟಿಲು ಶುರು, ಒಂದು ತಿರುವು ಮುಗಿದರೆ ಇನ್ನೊಂದಿಷ್ಟು ಮೆಟ್ಟಿಲು, ನಡುವೆ ಉಬ್ಬುತಗ್ಗಿನ ಹಾಸುಗಲ್ಲು. ಟಕ್ ಅಂತ ಒಂದು ಗಾಲಿ ಕಿತ್ತು ಕೆಳಗೆ ಉರುಳಿತು. ಏದುಸಿರು ಬಿಡುತ್ತಾ ಕೂತೆ. ಪಕ್ಕದಲ್ಲೇ ಒಂದು ಹೇಸರಗತ್ತೆ ಬೆನ್ನಿಗೆ ವಾಷಿಂಗ್ ಮಷೀನ್ ಬಿಗಿಸಿಕೊಂಡು, ಕೊರಳ ಗಂಟೆ ಅಲ್ಲಾಡಿಸುತ್ತಾ, ನನ್ನ ಕಡೆ ನೋಡದೇ ಹತ್ತಿ ಹೋಯಿತು.

ಕೂತಲ್ಲಿಂದ ಹಳೇ ಹಡಗು ಸಾಹುಕಾರರ ಬೂದು ಕಲ್ಲಿನ ದೊಡ್ಡ ಮನೆಗಳು ಕಾಣುತ್ತಿದ್ದವು. ನೆಪೋಲಿಯನ್ ಯುದ್ಧದ ಕಾಲದಲ್ಲಿ ಸಮುದ್ರದ ದಾರಿಗೆ ಅಡ್ಡ ನಿಂತಿದ್ದ ಬ್ರಿಟಿಷ್ ನೌಕೆಗಳ ಕಣ್ಣು ತಪ್ಪಿಸಿ ಗೋಧಿ ಸಾಗಿಸಿ ಮಾಡಿದ ದುಡ್ಡು ಅದು. 1821ರಲ್ಲಿ ಗ್ರೀಕರು ತಮ್ಮನ್ನು ಆಳುತ್ತಿದ್ದ ತುರ್ಕರ ವಿರುದ್ಧ ದಂಗೆ ಎದ್ದಾಗ ಅದೇ ವ್ಯಾಪಾರದ ಹಡಗುಗಳು ಯುದ್ಧಕ್ಕೆ ಹೋದವು. ಗೋಧಿ ಸಾಗಿಸುತ್ತಿದ್ದ ಮಿಯಾವುಲಿಸ್ ಎಂಬವನು ಗ್ರೀಕರ ನೌಕಾಪಡೆಯ ದಂಡನಾಯಕನಾದ. ಅವನ ಹೃದಯವನ್ನು ಬಂದರಿನ ಮ್ಯೂಸಿಯಂನಲ್ಲಿ ಇವತ್ತಿಗೂ ಇಟ್ಟಿದ್ದಾರೆ. ಸತ್ತ ಮೇಲೂ ಮೆಟ್ಟಿಲು ಹತ್ತುವ ಗೋಜು ಬೇಡ ಅಂತಲೋ ಏನೋ!

ಇಷ್ಟು ಸಂಪತ್ತು ಕಂಡ ಊರಿಗೆ ಗಾಲಿ ಯಾಕೆ ಬೇಕಾಗಲಿಲ್ಲ? ಲೋಕವೆಲ್ಲ ನೀರಿನ ಮೇಲೇ ಬರುತ್ತಿತ್ತು, ಉಳಿದ ಕೆಲಸಕ್ಕೆ ಕಾಲಿದ್ದರೆ ಆಯಿತು, ಅಲ್ವಾ. ತಮಾಷೆ ಅಂದರೆ ಊರಿನ ಹೆಸರಲ್ಲೇ ನೀರಿದೆ, ಊರಲ್ಲಿ ಇರಲಿಲ್ಲ. ಹಳೇ ಮನೆಗಳ ಕೆಳಗೆಲ್ಲ ಮಳೆನೀರಿನ ತೊಟ್ಟಿ. ಅದೂ ಸಾಲದೆ ದೋಣಿಯಲ್ಲಿ ನೀರು ತರಿಸಿದ ಕಾಲವೂ ಇತ್ತು.

ಹೊರಡುವ ದಿನ ಸುಮ್ನೆ ಹೇಸರಗತ್ತೆ ಹಿಡಿದೆ. ಅದೇ ಮನುಷ್ಯ, ಅದೇ ನಗು. ಧಕ್ಕೆಯ ಹತ್ತಿರ ಎದುರಿಗೆ ಕಸದ ಲಾರಿ ಬಂತು. ಹೇಸರಗತ್ತೆ ನಿಂತಿತು. ಲಾರಿಯೂ ನಿಂತಿತು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ, ಬೈಯಲೂ ಇಲ್ಲ. ಕತ್ತು ಹೊರಗೆ ಹಾಕಿ ಹಿಂದೆ ನೋಡಿಕೊಂಡ, ಮೆಲ್ಲಗೆ ರಿವರ್ಸ್ ತೆಗೆದ.