ಆರು ಸಾವಿರ ತೂತು

ನನ್ನ ಬದುಕಿನ ಸಕಲ ಅವ್ಯವಸ್ಥೆಗೂ ಒಂದು ಸರಿಯಾದ ಪುಸ್ತಕವಿಲ್ಲದಿರುವುದೇ ಕಾರಣ ಎಂದು ಹೊಳೆದದ್ದು ಜನವರಿಯಲ್ಲಿ. ಇಂಥವೆಲ್ಲ ಹೊಳೆಯುವುದೇ ಜನವರಿಯಲ್ಲಿ. ಅಚ್ಚಾದ ಡೈರಿ ನನಗೆ ಒಗ್ಗುವುದಿಲ್ಲ. ಮೊದಲ ನಾಲ್ಕು ಪುಟ ಮುತ್ತು ಪೋಣಿಸಿದಂಥ ಅಕ್ಷರ, ಐದನೆಯ ದಿನದಿಂದ ಹಾಲಿನ ಲೆಕ್ಕ, ಆಮೇಲೆ ಮಗಳು ಬರೆದ ಆನೆ. ನನಗೆ ಬೇಕಾದದ್ದು ಉಂಗುರಗಳಿರುವ ಪುಸ್ತಕ: ಬೇಕೆಂದಾಗ ಹಾಳೆ ಸೇರಿಸಬೇಕು, ಸಾಕೆನಿಸಿದಾಗ ಕಳಚಬೇಕು, ದಿನಚರಿಯೂ ಕೆಲಸದ ಪಟ್ಟಿಯೂ ಒಂದೇ ರಟ್ಟಿನೊಳಗೆ ಸಂಸಾರ ಮಾಡಬೇಕು.

ಆರು ಉಂಗುರದ ರಟ್ಟು ಸಿಕ್ಕಿತು. ಅದಕ್ಕೆ ಹಾಕುವ ಸಿದ್ಧ ಹಾಳೆಗಳ ಬೆಲೆ ಕೇಳಿ, ನಾನೇ ಮಾಡಿಕೊಳ್ಳುತ್ತೇನೆ ಎಂದು ಸುಲ್ತಾನಪೇಟೆಗೆ ಹೊರಟೆ. ಎ4 ಹಾಳೆಯ ಉದ್ದ 297 ಮಿಲಿಮೀಟರ್. ನಡುವೆ ಕತ್ತರಿಸಿದರೆ ಎರಡು ಎ5. ಒಂದು ರೀಮ್ ಎಂದರೆ 500 ಹಾಳೆ. ಕತ್ತರಿಸಿಕೊಟ್ಟವನು ‘ಯಾವ ಪ್ರೆಸ್ಸು ಸ್ವಾಮಿ?’ ಎಂದು ಕೇಳಿದ. ಸ್ವಂತಕ್ಕೆ ಎಂದೆ. ಅವನು ಹಾಳೆಗಳ ಕಟ್ಟನ್ನೂ ನನ್ನನ್ನೂ ಒಮ್ಮೆ ನೋಡಿ ಸುಮ್ಮನಾದ.

ಸಾವಿರ ತುಂಡು, ತುಂಡಿಗೆ ಆರು ತೂತು. ಈ ಗುಣಾಕಾರವನ್ನು ನಾನು ಮಾಡಿದ್ದು ಮನೆಗೆ ಬಂದ ಮೇಲೆ. ಕಚೇರಿಯ ಪಂಚಿಂಗ್ ಯಂತ್ರಕ್ಕೆ ಎರಡೇ ಹಲ್ಲು, ನಡುವೆ 80 ಮಿಲಿಮೀಟರ್. ನನ್ನ ಉಂಗುರಗಳೋ ಮೂರು ಮೇಲೆ, ಮೂರು ಕೆಳಗೆ; ಒಂದಕ್ಕೊಂದು 19 ಮಿಲಿಮೀಟರ್, ಎರಡು ಗುಂಪಿನ ನಡುವೆ 70. ಮೊದಲ ಐವತ್ತು ಹಾಳೆ ಚಕ್ಕುಲಿ ಒತ್ತಿನ ಬಿಲ್ಲೆಯಂತಾದವು. ಕೊನೆಗೆ ಬೀದಿ ಕೊನೆಯ ಚಪ್ಪಲಿ ಹೊಲಿಯುವವರಿಂದ ತೂತು ಹೊಡೆಯುವ ಉಳಿ ಎರವಲು ತಂದು, ಮಣೆಯ ಮೇಲೆ ಹತ್ತತ್ತು ಹಾಳೆ ಜೋಡಿಸಿ, ಸುತ್ತಿಗೆಯಿಂದ ಹೊಡೆದೆ. ಮೂರು ರಾತ್ರಿ ಹೊಡೆದೆ. ಕೆಳಮನೆಯವರು ಬಂದು, ಗೋಡೆ ಒಡೆಸುತ್ತಿದ್ದೀರಾ ಎಂದು ವಿಚಾರಿಸಿದರು. ಕಾಗದದ ಬಿಲ್ಲೆಗಳು ಮಂಚದಡಿ, ಜೇಬಿನಲ್ಲಿ, ಒಮ್ಮೆ ಉಪ್ಪಿಟ್ಟಿನಲ್ಲಿ.

ನಾನು ಏನೋ ಹೊಸದನ್ನು ಕಂಡುಹಿಡಿದೆನೆಂದು ಬೀಗಬೇಕಾಗಿಯೂ ಇರಲಿಲ್ಲ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯುವ ಕಡತ ನಮ್ಮಲ್ಲಿ ಹಿಂದೆಯೇ ಇತ್ತು. ಶೃಂಗೇರಿ ಮಠದಲ್ಲಿ ಅಂಥ ಹಳೆಯ ಕಡತಗಳಿವೆ. (ಈಗ ಕಡತವೆಂದರೆ ಕಚೇರಿಯ ಫೈಲು, ಬಳಿಯುವುದು ಧೂಳು ಮಾತ್ರ.) ಓಲೆಗರಿಗಳೂ ಅಷ್ಟೆ, ತೂತು ಕೊರೆದು ದಾರ ಪೋಣಿಸಿದ ಬಿಡಿಹಾಳೆಗಳೇ. ಆದರೆ ಆ ಲಿಪಿಕಾರರು ಗರಿಗೊಂದು ಅಂಕ ಹಾಕುತ್ತಿದ್ದರು. ನಾನು ಹಾಕಲಿಲ್ಲ. ತಾರೀಖು, ವಾರ ಬರೆದೆ. ತಿಂಗಳು ಬರೆಯಲಿಲ್ಲ, ಹಾಳೆಗಳು ಹೇಗೂ ಕ್ರಮವಾಗಿಯೇ ಇರುತ್ತವಲ್ಲ.

ಜನವರಿ ಕೊನೆಗೆ ಪುಸ್ತಕ ಫ್ರಿಜ್ಜಿನ ತಲೆಯಿಂದ ಬಿದ್ದು ಆರು ಉಂಗುರವೂ ಒಟ್ಟಿಗೆ ಬಾಯಿ ತೆರೆದವು. ಹಾಳೆಗಳನ್ನು ಸೋಫಾದ ಕೆಳಗಿನಿಂದ ಬಾಚಿ, ವಾರ ನೋಡಿ ಜೋಡಿಸಿದೆ. ಅಧಿಕ ವರ್ಷವಲ್ಲದಿದ್ದರೆ ಫೆಬ್ರವರಿ ಎಂದರೆ ನೆಟ್ಟಗೆ ನಾಲ್ಕು ವಾರ, ಆದ್ದರಿಂದ ಮಾರ್ಚಿನ ತಾರೀಖುಗಳೂ ಅವೇ ವಾರಗಳಿಗೆ ಬೀಳುತ್ತವೆ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ. ‘9, ಭಾನುವಾರ’ ಎಂಬ ಹಾಳೆಗಳು ಎರಡಿದ್ದವು. ಒಂದನ್ನು ಹಿಂದಿಟ್ಟೆ, ಇನ್ನೊಂದನ್ನು ಮುಂದಿಟ್ಟೆ.

ಮುಂದಿಟ್ಟದ್ದರಲ್ಲಿ ಚಿಕ್ಕಪ್ಪನ ಮಗನ ಗೃಹಪ್ರವೇಶವಿತ್ತು. ‘ರೀ, ಅವರ ಮನೆಗೆ ಇನ್ನೂ ಬಾಗಿಲೇ ಇಟ್ಟಿಲ್ಲವಂತೆ’ ಎಂದಳು ಹೆಂಡತಿ. ‘ಪುಸ್ತಕದಲ್ಲಿದೆ’ ಎಂದೆ. ಅವಳು ಬರಲಿಲ್ಲ. ಜರಿ ಪಂಚೆ, ಶಲ್ಯ, ಕೈಯಲ್ಲಿ ಸ್ಟೀಲಿನ ಕೊಳಗ, ಬೆಳಿಗ್ಗೆ ಏಳೂವರೆಗೆ ಕೆಂಗೇರಿಯಾಚೆ ಇಳಿದೆ. ಚಪ್ಪರವಿರಲಿಲ್ಲ, ಸಾರುವೆಯಿತ್ತು. ಹೋಮದ ಹೊಗೆಯಿರಲಿಲ್ಲ, ಸಿಮೆಂಟಿನ ಧೂಳಿತ್ತು. ಸಿಮೆಂಟ್ ಚೀಲದ ಮೇಲೆ ಕುಳಿತು ಬೀಡಿ ಸೇದುತ್ತಿದ್ದ ಟೈಲ್ಸ್ ಮೇಸ್ತ್ರಿ, ಪಂಚೆಯ ಜರಿ ನೋಡಿ ಬೀಡಿ ಆರಿಸಿ ಎದ್ದು ನಿಂತ. ಯಜಮಾನರ ಕಡೆಯ ಹಿರಿಯರು ಕೆಲಸ ನೋಡಲು ಬಂದಿದ್ದಾರೆಂದು ಅವನ ಎಣಿಕೆ.

‘ಬಚ್ಚಲಿನ ವಾಟ ಈ ಕಡೆ ಕೊಡಲೇ, ಆ ಕಡೆ ಕೊಡಲೇ ಸ್ವಾಮಿ?’

ಕೊಳಗವನ್ನು ಇಟ್ಟಿಗೆಯ ಮೇಲಿಟ್ಟು, ಗಂಭೀರವಾಗಿ ಒಳಗೆ ಹೋಗಿ, ಆ ಕಡೆ ಎಂದೆ. ಶಲ್ಯ ಕೊಡವಿದಾಗ ನಾಲ್ಕೈದು ಕಾಗದದ ಬಿಲ್ಲೆಗಳು ಅಕ್ಷತೆಯಂತೆ ಬಚ್ಚಲಿಗೆ ಬಿದ್ದವು. ಟೈಲ್ಸ್ ಲೆಕ್ಕ ಹಾಕಲು ಒಂದು ಹಾಳೆ ಇದೆಯೇ ಎಂದು ಅವನು ಕೇಳಿದ. ಅಷ್ಟು ದಿನ ಯಾರೂ ಕೇಳದ ಪ್ರಶ್ನೆ! ‘ಟಕ್’ ಎಂದು ಉಂಗುರ ತೆರೆದು, ತೆರೆದಿದ್ದ ಪುಟವನ್ನೇ ಕಳಚಿ ಕೊಟ್ಟೆ. ‘ಹರಿಯುವುದೇ ಬೇಡವಲ್ಲ, ಒಳ್ಳೆ ಪುಸ್ತಕ’ ಎಂದ. ಆ ಪುಸ್ತಕವನ್ನು ಮೆಚ್ಚಿದವನು ಇವತ್ತಿನವರೆಗೂ ಅವನೊಬ್ಬನೇ.

ಸಂಜೆ ಚಿಕ್ಕಪ್ಪನ ಮಗ ಫೋನು ಮಾಡಿದ. ನಗು ತಡೆದುಕೊಂಡಿದ್ದಾನೆಂದು ಉಸಿರಿನಲ್ಲೇ ತಿಳಿಯುತ್ತಿತ್ತು.

‘ಅಣ್ಣಾ, ಗೃಹಪ್ರವೇಶ ಮುಂದಿನ ತಿಂಗಳು. ಮೇಸ್ತ್ರಿ ನಿಮಗೆ ಜ್ಞಾಪಿಸಲು ಹೇಳಿದ. ಗ್ಯಾಸ್ ಬುಕ್ ಮಾಡಬೇಕಂತೆ. ವಿಮೆಯ ಕಂತಿಗೆ ಹತ್ತನೆಯ ತಾರೀಖೇ ಕಡೆಯಂತೆ. ಮತ್ತೆ, ಹೊಟ್ಟೆ ಕರಗಿಸಬೇಕು ಎಂಬುದಕ್ಕೆ ನೀವು ಎರಡು ಸಲ ಅಡಿಗೆರೆ ಎಳೆದಿದ್ದೀರಂತೆ.’