ಬೋರ್ಡಿನ ಮೇಲಿನ ಒಂಟಿ ಜಿಂಕೆ

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ ಮಳೆಗಾಲದಲ್ಲಿ ಮೊದಲು ಸಿಗುವುದು ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಅಲ್ಲಿ ಫೋಟೊ ತೆಗೆಸಿಕೊಳ್ಳುವವರ ಜಾತ್ರೆ. ಆಮೇಲೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್. ಅದನ್ನು ದಾಟಿದರೆ ಬಂಡೀಪುರದ ಕಾಡು. ಕಾಡಿನ ಜೊತೆಗೆ ಬೋರ್ಡುಗಳೂ ಶುರು.

ನಮ್ಮಕ್ಕನ ಮಗಳು ಪುಟ್ಟಿ ಆಗಷ್ಟೇ ಓದಲು ಕಲಿತಿದ್ದಳು. ಆ ವಯಸ್ಸಿನ ಮಕ್ಕಳು ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಜೋರಾಗಿ ಓದುತ್ತಾರಲ್ಲ, ಹಾಗೆ ಹಿಂದಿನ ಸೀಟಿನಿಂದ ಒಂದೇ ಸಮನೆ ಓದುತ್ತಿದ್ದಳು. "ನಿಧಾನವಾಗಿ ಚಲಿಸಿ." "ಹಾರನ್ ಮಾಡಬೇಡಿ." "ವಾಹನ ನಿಲ್ಲಿಸಬೇಡಿ." ನಡುವೆ ಕೆಂಪು ಅಂಚಿನ ತ್ರಿಕೋನ ಬಂದರೆ ಅದರಲ್ಲಿ ಓದಲು ಏನೂ ಇಲ್ಲ, ಚಿತ್ರ ಮಾತ್ರ. ಆಗ "ಜಿಂಕೆ!" ಎಂದು ಕೂಗುತ್ತಿದ್ದಳು. ನಾವೆಲ್ಲ ಕತ್ತು ತಿರುಗಿಸಿ "ಎಲ್ಲಿ, ಎಲ್ಲಿ?" ಎನ್ನುತ್ತಿದ್ದೆವು. ಮೂರು ಸಲ ಮೋಸ ಹೋದ ಮೇಲೆ ಅಮ್ಮ ಕನ್ನಡಕ ತೆಗೆದು ಬ್ಯಾಗಿಗೆ ಹಾಕಿಕೊಂಡರು.

ಆ ಬೋರ್ಡಿನ ಜಿಂಕೆಯನ್ನು ನೀವೂ ನೋಡಿರುತ್ತೀರಿ. ಮುಂಗಾಲು ಮಡಚಿ, ಹಿಂಗಾಲು ಚಾಚಿ, ಗಾಳಿಯಲ್ಲೇ ನಿಂತಿರುತ್ತದೆ. ಎಷ್ಟು ವರ್ಷದಿಂದ ಹಾರುತ್ತಿದೆಯೋ, ಇನ್ನೂ ಆ ಕಡೆ ತಲುಪಿಲ್ಲ. ನಾವು ಕಂಡ ಒಂದು ಬೋರ್ಡಿನಲ್ಲಿ ತುಕ್ಕು ಹಿಡಿದು ಹಿಂಗಾಲೇ ಉದುರಿಹೋಗಿತ್ತು. ಅದರ ಮೇಲೆ ಒಂದು ಮುಸಿಯ ಕೋತಿ ಬಾಲ ಇಳಿಬಿಟ್ಟುಕೊಂಡು ಕೂತು, ಬರುವ ಹೋಗುವ ಕಾರುಗಳಲ್ಲಿ ಚಿಪ್ಸ್ ಪ್ಯಾಕೆಟ್ ಇದೆಯಾ ಎಂದು ನೋಡುತ್ತಿತ್ತು.

ನಿಜ ಹೇಳಬೇಕೆಂದರೆ ಈ ಬೋರ್ಡುಗಳಿಗೆ ಯಾರೂ ಕಾರು ನಿಧಾನ ಮಾಡುವುದಿಲ್ಲ. ನಮ್ಮ ಭಾವನೂ ಮಾಡಲಿಲ್ಲ. ನಿಧಾನ ಮಾಡಿದ್ದು ಹಂಪ್ ಬಂದಾಗ. ಆ ರಸ್ತೆಯಲ್ಲಿ ಹಂಪುಗಳಿಗೆ ಬರವಿಲ್ಲ. ಬೋರ್ಡನ್ನು ಕಣ್ಣು ಓದುತ್ತದೆ, ಹಂಪನ್ನು ಸೊಂಟ ಓದುತ್ತದೆ. ಎರಡರಲ್ಲಿ ಯಾವುದರ ಮಾತು ನಡೆಯುತ್ತದೆ ಎಂದು ನನ್ನ ವಯಸ್ಸಿನವರನ್ನು ಕೇಳಿ.

ಹಂಪಿಗಿಂತ ಗಟ್ಟಿಯಾದದ್ದು ಗೇಟು. 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಈ ಊಟಿ ರಸ್ತೆಗೂ ಅದೇ ನಿಯಮ, ವಯನಾಡಿನ ರಸ್ತೆಗೂ ಅದೇ. ಆಂಬುಲೆನ್ಸು, ಎಣಿಸಿದಷ್ಟು ಬಸ್ಸು ಬಿಟ್ಟರೆ ಉಳಿದವರೆಲ್ಲ ಬೆಳಗಿನವರೆಗೆ ಕಾಯಬೇಕು. ಕತ್ತಲಲ್ಲಿ ಹೆಡ್‌ಲೈಟು ಕಣ್ಣಿಗೆ ಬಿದ್ದರೆ ಜಿಂಕೆ ಓಡುವುದಿಲ್ಲ, ನಿಂತಲ್ಲೇ ನಿಂತುಬಿಡುತ್ತದೆ. ಅದಕ್ಕೆ ಯಾವ ಬೋರ್ಡು ಏನು ಮಾಡೀತು? ಒಮ್ಮೆ ನಂಜನಗೂಡಿನಲ್ಲಿ ಭಾವ "ಒಂದೇ ಒಂದು ಟೀ" ಎಂದು ಇಳಿದದ್ದಕ್ಕೆ ಹತ್ತು ನಿಮಿಷ ತಡವಾಗಿ ಗೇಟಿಗೆ ಬಂದು, ಮತ್ತೆ ಗುಂಡ್ಲುಪೇಟೆಗೆ ಹೋಗಿ ಲಾಡ್ಜಿನಲ್ಲಿ ಸೊಳ್ಳೆಗಳ ಜೊತೆ ಮಲಗಿದ್ದೆವು. ಆ ಟೀ ಲೆಕ್ಕ ಅಕ್ಕ ಇವತ್ತಿಗೂ ತೆಗೆಯುತ್ತಾಳೆ. ಆದರೂ ಆ ಗೇಟಿನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಒಂಬತ್ತು ಗಂಟೆಯಾದರೂ ಆ ರಸ್ತೆ ಪ್ರಾಣಿಗಳದ್ದಾಗಿರಲಿ.

ಈ ಸಲ ಚೆಕ್‌ಪೋಸ್ಟಿನ ಹತ್ತಿರ ಒಬ್ಬ ವಾಚರ್ ಮಾತಿಗೆ ಸಿಕ್ಕಿದ. ಪುಟ್ಟಿ ಅವನನ್ನು "ಬೋರ್ಡ್ ಇರೋ ಕಡೆನೇ ಪ್ರಾಣಿ ದಾಟ್ತಾವಾ?" ಎಂದು ಕೇಳಿದಳು. ಅವನು ನಕ್ಕ. "ಅವಕ್ಕೆ ಓದಕ್ಕೆ ಬರಲ್ವಲ್ಲ ಪುಟ್ಟಾ" ಎಂದ. ಆಮೇಲೆ ಭಾವನ ಕಡೆ ತಿರುಗಿ, "ಒಂದು ದಾಟ್ತು ಅಂತ ಗಾಡಿ ಬಿಡಬೇಡಿ ಸಾರ್. ಹಿಂದೆ ಮರಿ ಇರ್ತದೆ" ಎಂದ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೋರ್ಡಿನ ತಪ್ಪು ಇರುವುದೇ ಅಲ್ಲಿ ಅಲ್ವಾ? ಬೋರ್ಡಿನ ಆನೆ ಒಂಟಿ, ಜಿಂಕೆಯೂ ಒಂಟಿ. ಒಂದು ಹೋಯಿತು ಎಂದರೆ ಮುಗಿಯಿತು ಅನ್ನುವ ಹಾಗೆ. ಕಾಡಿನಲ್ಲಿ ಹಾಗೆಲ್ಲಿ? ಬೇಸಿಗೆಯಲ್ಲಿ ನೀರು ಹುಡುಕಿಕೊಂಡು ಆನೆಗಳು ಕಬಿನಿ ಹಿನ್ನೀರಿನ ಕಡೆಗೆ ಹೊರಡುವುದು ಸಂಸಾರ ಸಮೇತ. ಮುಂದೆ ದೊಡ್ಡ ಹೆಣ್ಣಾನೆ, ನಡುವೆ ಮರಿಗಳು, ಸುತ್ತ ಚಿಕ್ಕಮ್ಮ ದೊಡ್ಡಮ್ಮಂದಿರು. ನಮ್ಮ ಮದುವೆ ದಿಬ್ಬಣದ ಹಾಗೆ, ಮೊದಲನೆಯವರು ಕಂಡರೆ ಕೊನೆಯವರು ಇನ್ನೂ ಎಷ್ಟು ಹಿಂದೆ ಇದ್ದಾರೋ ಹೇಳಲಾಗದು. ನನ್ನ ಕೈಗೆ ಬಣ್ಣ ಕೊಟ್ಟರೆ ತ್ರಿಕೋನದಲ್ಲಿ ಒಂದು ದೊಡ್ಡದು, ಅದರ ಹಿಂದೆ ಒಂದು ಚಿಕ್ಕದು ಬರೆಯುತ್ತೇನೆ. ಜಾಗ ಸಾಲದಿದ್ದರೆ ಚಿಕ್ಕದರ ಮೂತಿ ಮಾತ್ರ ಸಾಕು.

ಬರುವಾಗ ಸಂಜೆ ಐದರ ಸುಮಾರು. ರಸ್ತೆಯ ಎರಡೂ ಬದಿ ಲಂಟಾನ ಸವರಿದ ಜಾಗದಲ್ಲಿ ಎಳೆಹುಲ್ಲು ಬಂದಿತ್ತು. ಅಲ್ಲಿ ಚುಕ್ಕೆ ಜಿಂಕೆಗಳ ಗುಂಪು. ಹತ್ತಿರದಲ್ಲೆಲ್ಲೂ ಬೋರ್ಡಿಲ್ಲ. ಒಂದು ತಲೆ ಎತ್ತಿ ನೋಡಿತು, ಟಾರಿನ ಮೇಲೆ ಕಾಲಿಟ್ಟಿತು. ಭಾವ ಕಾರು ನಿಲ್ಲಿಸಿದರು. ಅದು ಹಾರಲಿಲ್ಲ, ಸುಮ್ನೆ ನಡೆದುಕೊಂಡು ಹೋಯಿತು. ಅದರ ಹಿಂದೆ ಎರಡು, ಮತ್ತೆ ಒಂದು. ಭಾವ ಗೇರ್ ಹಾಕಿದರು. "ಅಪ್ಪಾ, ತಾಳಿ" ಎಂದಳು ಪುಟ್ಟಿ. ಹಿಂದಿನ ಕಾರಿನವನು ಹಾರನ್ ಒತ್ತಿದ. ಪೊದೆ ಅಲುಗಾಡಿತು, ದೊಡ್ಡ ಕಿವಿಯ ಮರಿಯೊಂದು ಹೊರಗೆ ಬಂದು, ಹಾರನ್ನಿಗೆ ಬೆಚ್ಚಿ, ಒಳಗೆ ಹೋಯಿತು. ಆ ಕಡೆ ತಾಯಿ ನಿಂತೇ ಇತ್ತು. ಭಾವ ಎಂಜಿನ್ ಆರಿಸಿದರು. ಅಷ್ಟು ಹೊತ್ತು ಭಾವ ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೊನೆಗೆ ಮರಿ ಓಡಿಬಂದು ದಾಟಿತು.

ಕಾಡು ಮುಗಿದು ಊರು ಬಂತು. ರಸ್ತೆ ನಡುವೆ ಒಂದು ಹಸು ಯಾವ ಅವಸರವೂ ಇಲ್ಲದೆ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು. "ಇದಕ್ಕೆ ಬೋರ್ಡ್ ಹಾಕೋಕೆ ಹೊರಟ್ರೆ ಊರ ತುಂಬಾ ಬೋರ್ಡೇ ಆಗುತ್ತೆ" ಎಂದರು ಅಮ್ಮ. ಹಸು ದಾಟಿತು. ಭಾವ ಇನ್ನೇನು ಹೊರಡಬೇಕು.

"ತಾಳಿ ಅಪ್ಪಾ, ಹಿಂದೆ ಕರು ಇರಬಹುದು."

ಇತ್ತು.