ಅರವತ್ತರ ದಶಕದ ಯುವ ಬಂಡಾಯ ಅಮೆರಿಕದ ಮೌಲ್ಯಗಳನ್ನು ಬದಲಿಸಿತೇ?

ಪರ: ಬದಲಿಸಿತು

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಬಿಳಿಯ ಮಧ್ಯಮ ವರ್ಗಕ್ಕೆ ಒಳ್ಳೆಯ ಬದುಕೆಂದರೆ ಕಾಯಂ ನೌಕರಿ, ನಗರದ ಹೊರವಲಯದಲ್ಲೊಂದು ಸ್ವಂತ ಮನೆ, ಕಾರು ಮತ್ತು ಸರ್ಕಾರದ ಮಾತಿನಲ್ಲಿ ನಂಬಿಕೆ. ಅಂಥ ಮನೆಗಳಲ್ಲೇ ಬೆಳೆದ ಮಕ್ಕಳು ಅದನ್ನು ಪ್ರಶ್ನಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 1964ರಲ್ಲಿ ತನ್ನ ಬರ್ಕ್ಲಿ ಆವರಣದಲ್ಲಿ ರಾಜಕೀಯ ಪ್ರಚಾರಕ್ಕೆ ತಡೆ ಒಡ್ಡಿದಾಗ, ಅದೇ ಬೇಸಿಗೆಯಲ್ಲಿ ಮಿಸಿಸಿಪ್ಪಿಗೆ ಹೋಗಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿದು ಬಂದಿದ್ದ ವಿದ್ಯಾರ್ಥಿ ಮಾರಿಯೋ ಸಾವಿಯೋ ಮತ್ತು ಅವರ ಸಂಗಾತಿಗಳು ಆಡಳಿತ ಕಟ್ಟಡವಾದ ಸ್ಪ್ರೌಲ್ ಹಾಲ್‌ನಲ್ಲಿ ಧರಣಿ ಕೂತರು. ಸುಮಾರು 800 ಮಂದಿಯ ಬಂಧನವಾಯಿತು. ಆದರೆ ಕೊನೆಗೆ ನಿಯಮ ಸಡಿಲಿಸಬೇಕಾದದ್ದು ವಿಶ್ವವಿದ್ಯಾಲಯವೇ.

ಉದ್ದ ಕೂದಲು, ಹೂವಿನ ಅಂಗಿ, ಮಾದಕವಸ್ತುಗಳನ್ನಷ್ಟೇ ಮುಂದಿಟ್ಟುಕೊಂಡು ಈ ಪೀಳಿಗೆಯನ್ನು ಅಳೆಯುವುದು ಅನ್ಯಾಯ. ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ಶೋಕಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹೋದ ಅಯೋವಾದ ವಿದ್ಯಾರ್ಥಿಗಳನ್ನು ಶಾಲೆ ಅಮಾನತುಗೊಳಿಸಿತು. 1969ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತು, ಶಾಲೆಯ ಬಾಗಿಲು ದಾಟಿದ ಮಾತ್ರಕ್ಕೆ ವಾಕ್ ಸ್ವಾತಂತ್ರ್ಯ ಅಳಿಯುವುದಿಲ್ಲ ಎಂದಿತು. ಯುದ್ಧಕ್ಕೆ ಕಳುಹಿಸಬಹುದಾದ ವಯಸ್ಸಿನವರಿಗೆ ಮತದಾನದ ವಯಸ್ಸು ಮಾತ್ರ ಏಕೆ ಆಗಿಲ್ಲ ಎಂಬ ಪ್ರಶ್ನೆಗೆ 1971ರಲ್ಲಿ ಸಂವಿಧಾನವೇ ತಿದ್ದುಪಡಿಯಾಗಿ 18 ವರ್ಷದವರಿಗೆ ಮತಾಧಿಕಾರ ದೊರೆಯಿತು. ಅಧ್ಯಕ್ಷರು ಹೇಳಿದ್ದರಿಂದಲೇ ಯುದ್ಧ ನ್ಯಾಯವಾಗುವುದಿಲ್ಲ ಎಂದು ನಾಗರಿಕರು ಬಹಿರಂಗವಾಗಿ ಹೇಳುವ ಧೈರ್ಯವನ್ನು ಈ ಯುವಜನರು ಹಬ್ಬಿಸಿದರು. ನನ್ನ ದೃಷ್ಟಿಯಲ್ಲಿ ಅವರು ತಂದ ದೊಡ್ಡ ಬದಲಾವಣೆ ಅದೇ.

ವಿರೋಧ: ಶ್ರೇಯಸ್ಸು ಬೇರೆಯವರದು

1960ರ ಫೆಬ್ರವರಿಯಲ್ಲಿ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ಬಿಳಿಯರಿಗೆ ಮೀಸಲಾಗಿದ್ದ ಉಪಾಹಾರದ ಕೌಂಟರ್‌ನಲ್ಲಿ ಹೋಗಿ ಕುಳಿತ ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಚ್ಚುಕಟ್ಟಾಗಿ ಉಡುಪು ಧರಿಸಿದ್ದರು. ಅವರು ಅಮೆರಿಕದ ಮೌಲ್ಯಗಳನ್ನು ತಿರಸ್ಕರಿಸಲಿಲ್ಲ, ಸಂವಿಧಾನದಲ್ಲಿ ಬರೆದಿದ್ದನ್ನು ತಮಗೂ ಕೊಡಿ ಎಂದು ಹಠ ಹಿಡಿದರು. ಬರ್ಕ್ಲಿಯ ವಿದ್ಯಾರ್ಥಿಗಳು ಧರಣಿಯ ಪಾಠ ಕಲಿತದ್ದೂ ಈ ಹೋರಾಟದಿಂದಲೇ. 1964ರ ನಾಗರಿಕ ಹಕ್ಕುಗಳ ಕಾಯಿದೆಯನ್ನೂ 1965ರ ಮತದಾನ ಹಕ್ಕಿನ ಕಾಯಿದೆಯನ್ನೂ ತಂದದ್ದು ಚರ್ಚುಗಳಲ್ಲಿ ಸಂಘಟಿತವಾದ, ಶಿಸ್ತು ಬಿಡದ ಆ ಚಳವಳಿ. ಸಮಾಜದಿಂದ ಹೊರನಡೆಯುವುದನ್ನೇ ಪ್ರತಿಭಟನೆ ಎಂದುಕೊಂಡ ಹಿಪ್ಪಿಗಳಲ್ಲ.

ಹಿಪ್ಪಿಗಳ ನೆಲೆಯಾಗಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಹೇಟ್-ಆಶ್‌ಬರಿ ಬಡಾವಣೆಗೆ 1967ರ ಬೇಸಿಗೆಯಲ್ಲಿ ಹಸಿವು, ರೋಗ, ಮಾದಕವಸ್ತುಗಳ ಕಾಟ ಅಮರಿಕೊಂಡಿತು. ಅಕ್ಟೋಬರಿನಲ್ಲಿ ಅಲ್ಲಿನವರೇ ‘ಹಿಪ್ಪಿ’ಯ ಅಣಕು ಶವಯಾತ್ರೆ ನಡೆಸಿದರು. ಬಹುಸಂಖ್ಯಾತರ ಮೌಲ್ಯಗಳಂತೂ ಅಲುಗಲಿಲ್ಲ. ಬರ್ಕ್ಲಿಯನ್ನು ಸರಿಪಡಿಸುವೆನೆಂದು ಪ್ರಚಾರ ಮಾಡಿದ ರೊನಾಲ್ಡ್ ರೇಗನ್ 1966ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ ಆಯ್ಕೆಯಾದರು. 18 ವರ್ಷದವರೂ ಮತ ಹಾಕಿದ 1972ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸಂಪ್ರದಾಯವಾದಿಗಳ ಒಲವಿದ್ದ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ ಐವತ್ತರಲ್ಲಿ 49 ರಾಜ್ಯಗಳನ್ನು ಗೆದ್ದರು.

ಇನ್ನೂ ನೋವಿನ ಸಂಗತಿಯೊಂದಿದೆ. ಕಾಲೇಜಿನಲ್ಲಿದ್ದವರಿಗೆ ಸೈನ್ಯದ ಕಡ್ಡಾಯ ಭರ್ತಿಯಿಂದ ವಿನಾಯಿತಿ ಸಿಗುತ್ತಿತ್ತು; ವಿಯೆಟ್ನಾಮಿಗೆ ಹೆಚ್ಚಾಗಿ ಹೋದವರು ಕಾರ್ಮಿಕರ ಮತ್ತು ಬಡವರ ಮಕ್ಕಳು. ಮಗನನ್ನು ಯುದ್ಧಕ್ಕೆ ಕಳುಹಿಸಿದ್ದ ಕಾರ್ಮಿಕ ತಂದೆಗೆ, ಧ್ವಜ ಸುಡುವ ವಿದ್ಯಾರ್ಥಿ ತನ್ನ ಪರವಾಗಿ ಹೋರಾಡುತ್ತಿದ್ದಾನೆಂದು ಅನಿಸಲು ಕಾರಣವೇ ಇರಲಿಲ್ಲ. ಅವನ ಮನವನ್ನು ಗೆಲ್ಲುವ ಪ್ರಯತ್ನವನ್ನು ಈ ಬಂಡಾಯ ಗಂಭೀರವಾಗಿ ಮಾಡಲಿಲ್ಲ. ಆ ತಂದೆಯ ಮತ ನಿಕ್ಸನ್ನರ ಪಾಲಾಯಿತು.